ಮೂಕಪ್ರಾಣಿಗಳ ಆಪತ್ಕಾಲ ಮತ್ತು ನಮ್ಮ ಮುಂದಾಲೋಚನೆ

ಕಾಡಿನ ಪ್ರಾಣಿಗೂ ಮನೆಯ ಪ್ರಾಣಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಹಗ್ಗ. ಕಾಡಿನ ಪ್ರಾಣಿ ತನಗೆ ಒಗ್ಗುವ ಸೊಪ್ಪನ್ನು ತಾನೇ ಆರಿಸಿ ಮೇಯುತ್ತದೆ. ಅಪಾಯ ಕಂಡರೆ ಓಡುತ್ತದೆ. ನಾವು ಹಟ್ಟಿಯಲ್ಲಿ ಕಟ್ಟಿದ ದನಕ್ಕೂ ಗೂಡಿನಲ್ಲಿ ಕೂಡಿಹಾಕಿದ ನಾಯಿಗೂ ಆ ಸ್ವಾತಂತ್ರ್ಯವಿಲ್ಲ. ನಾವು ಹಾಕಿದುದನ್ನೇ ಅವು ತಿನ್ನಬೇಕು, ನಾವು ಕಟ್ಟಿದಲ್ಲೇ ಇರಬೇಕು. ನೋವಾದರೆ ಹೇಳಲು ಬಾಯಿಲ್ಲ. ವೈದ್ಯರಲ್ಲಿಗೆ ತಾವಾಗಿ ಹೋಗುವಂತಿಲ್ಲ. ಆದುದರಿಂದ ಒಂದು ಪ್ರಾಣಿಯನ್ನು ತಂದು ಕಟ್ಟಿದ ದಿನವೇ ಅದರ ಕಷ್ಟಕಾಲದ ಹೊಣೆಯೂ ನಮ್ಮ ಮೇಲೆ ಬಿತ್ತೆಂದು ತಿಳಿಯಬೇಕು.

ಇದು ಕೇವಲ ದಯೆಯ ಮಾತಲ್ಲ. ಪ್ರಾಣಿ ಹಿಂಸೆಯನ್ನು ತಡೆಯಲು 1960ರಲ್ಲಿ ಆದ ಕಾನೂನಿನ 3ನೇ ವಿಧಿಯ ಪ್ರಕಾರ, ಪ್ರಾಣಿಯನ್ನು ಇಟ್ಟುಕೊಂಡವನು ಅದರ ಯೋಗಕ್ಷೇಮವನ್ನು ನೋಡಿಕೊಳ್ಳಬೇಕು, ಅನಗತ್ಯವಾದ ನೋವು ಬಾರದಂತೆ ತಕ್ಕ ಏರ್ಪಾಡು ಮಾಡಬೇಕು. 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲೆ ಅನುಕಂಪ ತೋರುವುದೂ ಒಂದು. ಸಮಾಜಪಾಠದ ಪರೀಕ್ಷೆಗಾಗಿ ನಮ್ಮ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಅನುಕಂಪವೆಂಬುದು ಕಣ್ಣೀರಿನಿಂದ ಮುಗಿಯುವ ಸಂಗತಿಯಲ್ಲ. ರಾತ್ರಿ ಎರಡು ಗಂಟೆಗೆ ದನ ಬಿದ್ದು ಒದ್ದಾಡುವಾಗ ಯಾರಿಗೆ ಫೋನು ಮಾಡಬೇಕೆಂದು ತಿಳಿಯದಿದ್ದರೆ, ನಮ್ಮ ಅನುಕಂಪದಿಂದ ಆ ದನಕ್ಕೆ ಏನು ಉಪಕಾರವಾದೀತು?

ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಸಂಜೆ ದನ ಮೆಲುಕು ಹಾಕುವುದನ್ನು ಬಿಡುತ್ತದೆ. ‘ನಾಳೆ ನೋಡೋಣ’ ಎಂದು ಎಲ್ಲರೂ ಮಲಗುತ್ತಾರೆ. ನಡುರಾತ್ರಿ ಅದು ನರಳುವುದು ಕೇಳಿ ಎದ್ದಾಗ ಹೊಟ್ಟೆ ಡೋಲಿನಂತೆ ಉಬ್ಬಿರುತ್ತದೆ. ಟಾರ್ಚಿಗೆ ಚಾರ್ಜಿಲ್ಲ. ವೈದ್ಯರ ನಂಬರು ಮನೆಯವರಲ್ಲಿಲ್ಲ. ಆಚೆಮನೆಯವರಲ್ಲಿ ಇರುವುದು ಎರಡು ವರ್ಷ ಹಿಂದೆ ವರ್ಗವಾಗಿ ಹೋದ ವೈದ್ಯರ ನಂಬರು. ಅಷ್ಟರಲ್ಲಿ ಸೇರಿದ ನಾಲ್ಕು ಮಂದಿ ನಾಲ್ಕು ಮದ್ದು ಹೇಳುತ್ತಾರೆ. ಬೆಳಗಾಗುವಾಗ ದನ ಇರುವುದಿಲ್ಲ. ‘ಅದರ ಆಯುಸ್ಸು ಅಷ್ಟೇ’ ಎಂದು ಸಮಾಧಾನ ಹೇಳಿಕೊಂಡು ಗುಂಡಿ ತೋಡುತ್ತೇವೆ. ಆಯುಸ್ಸು ನಮ್ಮ ಕೈಯಲ್ಲಿಲ್ಲವೆಂಬುದು ಸರಿ. ಆದರೆ ಟಾರ್ಚಿಗೆ ಚಾರ್ಜು ಹಾಕುವುದು, ನಂಬರನ್ನು ಗೋಡೆಯಲ್ಲಿ ಬರೆದಿಡುವುದು ನಮ್ಮ ಕೈಯಲ್ಲೇ ಇದೆ. ನಾವು ಆಯುಸ್ಸೆಂದು ಕರೆಯುವುದರಲ್ಲಿ ಅರ್ಧದಷ್ಟು ನಮ್ಮ ಸಿದ್ಧತೆಯ ಕೊರತೆಯೇ ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯದಲ್ಲೇ ನಡೆದ ಎರಡು ಘಟನೆಗಳನ್ನು ಇಲ್ಲಿ ಸ್ಮರಿಸಬಹುದು. 2023ರ ದಶಂಬರ 31ರ ರಾತ್ರಿ ಇಡುಕ್ಕಿ ಜಿಲ್ಲೆಯ ತೊಡುಪುಳ ಸಮೀಪ, ಶಾಲೆಗೆ ಹೋಗುವ ಹುಡುಗನೊಬ್ಬ ಅಕ್ಕರೆಯಿಂದ ಸಾಕುತ್ತಿದ್ದ ಹಟ್ಟಿಯಲ್ಲಿ ದನಗಳು ಒಂದರ ಹಿಂದೆ ಒಂದರಂತೆ ಬಿದ್ದವು. ಮರಗೆಣಸಿನ ಸಿಪ್ಪೆ ತಿಂದುದೇ ಕಾರಣ. ವೈದ್ಯರು ಧಾವಿಸಿ ಬಂದರೂ 13 ದನಗಳು ಉಳಿಯಲಿಲ್ಲ. ಇನ್ನೊಂದು 2024ರ ಜೂನ್ ತಿಂಗಳಿನದು. ಕೊಲ್ಲಂ ಜಿಲ್ಲೆಯ ವೆಳಿನಲ್ಲೂರಿನಲ್ಲಿ ಪರೋಟವನ್ನೂ ಹಲಸಿನ ಹಣ್ಣನ್ನೂ ಹೆಚ್ಚಾಗಿ ತಿಂದ ಐದು ದನಗಳು ಸತ್ತವು. ಎರಡೂ ಕಡೆ ಹಾಕಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಆ ಆಹಾರ ದನದ ಹೊಟ್ಟೆಯೊಳಗೆ ಏನಾಗುತ್ತದೆಂಬ ತಿಳಿವಳಿಕೆ ಎಲ್ಲ ಮನೆಗಳಿಗೂ ತಲಪಿಲ್ಲ, ಅಷ್ಟೆ.

ಈ ಎರಡೂ ಅಪಾಯಗಳು ನಮ್ಮ ಹಿತ್ತಿಲಲ್ಲೇ ಇವೆ. ಮರಗೆಣಸಿನ ಎಲೆ, ದಂಟು, ಸಿಪ್ಪೆಗಳಲ್ಲಿ ಸಯನೈಡ್ ಎಂಬ ಘೋರ ವಿಷವನ್ನು ಹುಟ್ಟಿಸುವ ಅಂಶವಿದೆ. ರಬ್ಬರ್ ಮರದ ಎಲೆಯಲ್ಲಿಯೂ ಅದುವೇ. ದನವು ಅದನ್ನು ಅಗಿಯುವಾಗ ವಿಷ ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಪ್ರಾಣವಾಯುವಿದ್ದರೂ ದೇಹದ ಜೀವಕೋಶಗಳಿಗೆ ಅದನ್ನು ಬಳಸಿಕೊಳ್ಳಲು ಆಗುವುದಿಲ್ಲ. ದನ ಬಾಯಿ ತೆರೆದು ಏದುಸಿರು ಬಿಡುತ್ತದೆ, ತತ್ತರಿಸಿ ಬೀಳುತ್ತದೆ. ಇದಕ್ಕೆ ರಕ್ತನಾಳದ ಮೂಲಕ ಕೊಡುವ ಪ್ರತಿಮದ್ದು ಉಂಟು. ಆದರೆ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು. ಹಲಸು, ಪಾಯಸ, ಕುಚ್ಚಲಕ್ಕಿ ಅನ್ನಗಳ ಕಥೆ ಬೇರೆ. ದನದ ಹೊಟ್ಟೆ ಹುಲ್ಲು ಅರೆಯಲು ಇರುವ ಯಂತ್ರ. ಅದಕ್ಕೆ ಒಮ್ಮೆಗೇ ಹಿಟ್ಟು, ಸಕ್ಕರೆ ತುಂಬಿಸಿದರೆ ಒಳಗೆ ಹುಳಿಯೆದ್ದು ಆಮ್ಲ ಹೆಚ್ಚುತ್ತದೆ, ಮೆಲುಕು ನಿಲ್ಲುತ್ತದೆ. ಮದುವೆ, ಪೂಜೆ, ನೇಮಗಳ ಮರುದಿನ ಉಳಿದ ಅನ್ನ ಪಾಯಸವನ್ನೆಲ್ಲ ಅಕ್ಕಚ್ಚಿನ ಬಾಲ್ದಿಗೆ ಸುರಿಯುವ ಪದ್ಧತಿ ನಮ್ಮಲ್ಲುಂಟು. ‘ಹಾಳಾಗುವುದು ಬೇಡ, ದನವಾದರೂ ತಿನ್ನಲಿ’ ಎಂಬುದು ನಮ್ಮ ಹಿರಿಯರ ಒಳ್ಳೆಯ ಮನಸ್ಸು. ಆದರೆ ಒಂದು ಬಾಲ್ದಿ ಅನ್ನವನ್ನು ಉಳಿಸಲು ಹೋಗಿ ಒಂದು ಕರೆಯುವ ದನವನ್ನು ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಎಲ್ಲ ಕಾಯಿಲೆಗಳೂ ಆಪತ್ತುಗಳಲ್ಲ. ಯಾವುದು ಬೆಳಗಿನ ತನಕ ಕಾಯಬಹುದು, ಯಾವುದು ಕಾಯದು ಎಂಬ ವಿವೇಕವೇ ಮೊದಲ ಸಿದ್ಧತೆ. ದನದ ಎಡಪಕ್ಕೆ ಉಬ್ಬಿ ಉಸಿರಾಡಲು ಕಷ್ಟಪಟ್ಟರೆ ಕಾಯಬಾರದು. ಕರು ಹಾಕುವ ವೇಳೆ ನೀರಿನ ಚೀಲ ಒಡೆದು ಒಂದೆರಡು ಗಂಟೆ ಕಳೆದರೂ ಕರು ಮುಂದೆ ಬಾರದಿದ್ದರೆ ಕಾಯಬಾರದು. ಕರು ಹಾಕಿದ ಎರಡು ಮೂರು ದಿನಗಳೊಳಗೆ ತಾಯಿದನ ಏಳಲಾರದೆ, ಕಿವಿ ತಣ್ಣಗಾಗಿ, ಕುತ್ತಿಗೆಯನ್ನು ಪಕ್ಕೆಯ ಕಡೆಗೆ ತಿರುಗಿಸಿ ಮಲಗಿದರೆ ಅದು ಸುಣ್ಣದ ಅಂಶ ಕಡಿಮೆಯಾದ ಲಕ್ಷಣ. ಇದನ್ನು ಹಾಲುಜ್ವರ ಎನ್ನುತ್ತಾರೆ, ಆದರೆ ಮೈಯಲ್ಲಿ ಜ್ವರ ಇರುವುದಿಲ್ಲ. ಸತ್ತೇಹೋಯಿತೆಂದು ಕಾಣುವ ದನಕ್ಕೆ ವೈದ್ಯರು ಸಕಾಲದಲ್ಲಿ ಬಂದು ಕ್ಯಾಲ್ಸಿಯಂ ಏರಿಸಿದರೆ ಹೆಚ್ಚಾಗಿ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಸಮಯಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಾಯಿ ಬೆಕ್ಕುಗಳ ವಿಷಯದಲ್ಲಿಯೂ ಹಾಗೆಯೇ. ನಾಯಿಮರಿಗೆ ನಿಲ್ಲದ ವಾಂತಿ, ರಕ್ತಭೇದಿ, ವಾಹನ ತಾಗಿದ ಪೆಟ್ಟು, ನಿಲ್ಲದ ಸೆಳವು, ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕಿದರೂ ಮೂತ್ರ ಬಾರದಿರುವುದು, ಹಾವು ಕಚ್ಚಿದುದು, ವಿಷ ತಿಂದುದು, ಇವೆಲ್ಲ ಆ ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು. ಇಲಿಪಾಷಾಣಗಳಲ್ಲಿ ಕೆಲವು ತಿಂದ ದಿನ ಏನೂ ತೋರಗೊಡದೆ, ಕೆಲವು ದಿನಗಳ ಬಳಿಕ ಒಳಗೇ ರಕ್ತ ಸೋರುವಂತೆ ಮಾಡುತ್ತವೆ. ಆದುದರಿಂದ ‘ನಾಯಿ ಚೆನ್ನಾಗಿಯೇ ಇದೆ’ ಎಂದು ಸುಮ್ಮನಿರದೆ ವಿಷದ ಪೊಟ್ಟಣವನ್ನೂ ಹಿಡಿದುಕೊಂಡು ಹೋಗತಕ್ಕದ್ದು.

ಏನು ಮಾಡಬಾರದೆಂಬುದು ಏನು ಮಾಡಬೇಕೆಂಬುದಕ್ಕಿಂತಲೂ ಮುಖ್ಯ. ಬಿದ್ದ ದನದ ಬಾಯಿಗೆ ಗೊಟ್ಟದಲ್ಲಿ ಕಷಾಯ, ಎಣ್ಣೆ ಹೊಯ್ಯಬಾರದು. ಅದು ಶ್ವಾಸಕೋಶಕ್ಕಿಳಿದರೆ ಮೊದಲಿನ ರೋಗಕ್ಕಿಂತ ಮದ್ದೇ ಮೃತ್ಯುವಾಗುತ್ತದೆ. ಹೊಟ್ಟೆಯುಬ್ಬರವಿರುವ ದನವನ್ನು ಮಲಗಗೊಡದೆ, ಮುಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಿ ವೈದ್ಯರಿಗೆ ಕರೆ ಮಾಡಬೇಕು. ಹಾವು ಕಚ್ಚಿದ ಜಾಗವನ್ನು ಕೊಯ್ಯುವುದು, ಹಗ್ಗದಿಂದ ಬಿಗಿಯುವುದು ಬೇಡ; ಪ್ರಾಣಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ವಿಷ ತಿಂದ ನಾಯಿಗೆ ಉಪ್ಪುನೀರು, ಸೀಮೆಎಣ್ಣೆ ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ವಿಷ. ಒಂದು ಗುಳಿಗೆಯೂ ಪ್ರಾಣ ತೆಗೆಯಬಲ್ಲದು. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದಿರುವ ದನದ ಸಮೀಪ ಕಡಿದ ವಿದ್ಯುತ್ ತಂತಿ ಕಂಡರೆ ಮುಟ್ಟಲು ಓಡಬಾರದು. ಮೊದಲು 1912ಕ್ಕೆ ತಿಳಿಸಿ ವಿದ್ಯುತ್ ನಿಲ್ಲಿಸಬೇಕು.

ಇಲ್ಲಿ ಹುಚ್ಚುನಾಯಿ ರೋಗದ ಕುರಿತು ಪ್ರತ್ಯೇಕವಾಗಿ ಹೇಳಲೇಬೇಕು. 2022ರಲ್ಲಿ ಕೇರಳದಲ್ಲಿ 20ಕ್ಕೂ ಹೆಚ್ಚು ಮಂದಿ ಈ ರೋಗದಿಂದ ತೀರಿಹೋದರು. ಲಕ್ಷಣ ತೋರಿದ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ನಾಯಿ ಮಾತ್ರವಲ್ಲ, ಕಚ್ಚಿಸಿಕೊಂಡ ದನಕ್ಕೂ ಈ ರೋಗ ಬರುತ್ತದೆ. ಆಗ ದನ ಎಡೆಬಿಡದೆ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ನುಂಗಲಾರದೆ ಹೋಗುತ್ತದೆ. ಗಂಟಲಲ್ಲಿ ಮಾವಿನ ಗೊರಟೋ ಅಡಿಕೆಯೋ ಸಿಕ್ಕಿರಬಹುದೆಂದು ಭಾವಿಸಿ ಮನೆಯವರು ಬಾಯಿಯೊಳಗೆ ಕೈಹಾಕುತ್ತಾರೆ. ಇದರಷ್ಟು ಅಪಾಯದ ಕೆಲಸ ಬೇರೆ ಇಲ್ಲ. ಜೊಲ್ಲು ತಾಗಿದ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ನಾಯಿಗೆ ಮೂರು ತಿಂಗಳಾಗುವಾಗ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಪುನಃ ಹಾಕಿಸುತ್ತ, ಪಂಚಾಯತಿನ ಲೈಸನ್ಸು ಪಡೆಯುವುದು ಪ್ರತಿಯೊಬ್ಬನ ಕರ್ತವ್ಯ. ಹುಚ್ಚುನಾಯಿ ಕಚ್ಚಿದ ದನಕ್ಕೂ ಕಚ್ಚಿದ ದಿನದಿಂದಲೇ ಆರಂಭಿಸಿ ಸರಣಿಯಾಗಿ ಚುಚ್ಚುಮದ್ದು ಕೊಡಿಸಲು ಅವಕಾಶವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಇನ್ನು ವೈದ್ಯರ ಸಹಾಯ ಪಡೆಯುವ ಬಗೆ. ಪಂಚಾಯತಿನ ಮೃಗಾಸ್ಪತ್ರೆ ಹಗಲಿನ ವೇಳೆ ನಮ್ಮ ಮೊದಲ ಆಸರೆ. ಇದಲ್ಲದೆ 2023ರ ಜನವರಿಯಲ್ಲಿ ಕೇರಳದಲ್ಲಿ 29 ಸಂಚಾರಿ ಪಶುಚಿಕಿತ್ಸಾ ವಾಹನಗಳು ಆರಂಭವಾದುವು. ಅವುಗಳನ್ನು ಕರೆಯುವ ಸಂಖ್ಯೆ 1962. ಗಡಿಯಾಚೆ ಕರ್ನಾಟಕದಲ್ಲಿಯೂ ಇದೇ ಸಂಖ್ಯೆ. ಗಡಿಯಲ್ಲಿರುವ ನಾವು ಈ ಸಂಖ್ಯೆಗೆ ಕರೆ ಮಾಡಿದಾಗ ‘ಕೇರಳ, ಕಾಸರಗೋಡು ಜಿಲ್ಲೆ’ ಎಂದು ಮೊದಲೇ ಹೇಳುವುದು ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ 6 ಬ್ಲಾಕುಗಳೂ 38 ಗ್ರಾಮ ಪಂಚಾಯತುಗಳೂ ಇವೆ. ನಮ್ಮ ಬ್ಲಾಕಿನಲ್ಲಿ ರಾತ್ರಿಯ ಕೆಲಸಕ್ಕೆ ವೈದ್ಯರು ಇದ್ದಾರೆಯೇ, ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ, ವಾಹನ ನಮ್ಮ ಕಡೆಗೆ ಎಷ್ಟು ಹೊತ್ತಿಗೆ ಬರಬಹುದು, ಹಾವಿನ ವಿಷದ ಪ್ರತಿಮದ್ದು ಎಲ್ಲಿ ಸಿಗುತ್ತದೆ ಎಂಬುದನ್ನು ಆಪತ್ತಿಲ್ಲದ ದಿನ ಮೃಗಾಸ್ಪತ್ರೆಗೆ ಹೋಗಿ ಕೇಳಿಕೊಂಡು ಬರಬೇಕು. ಉತ್ತರದ ಭಾಗದ ನಮ್ಮಲ್ಲಿ ಅನೇಕರು ಮಂಗಳೂರನ್ನೇ ನಂಬಿದ್ದಾರೆ. 2020ರ ಮಾರ್ಚಿಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ರೋಗಿಗಳಾದ ಮನುಷ್ಯರಿಗೇ ದಾಟಲು ಆಗಲಿಲ್ಲ. ಆದುದರಿಂದ ಒಂದೇ ದಾರಿಯನ್ನು ನೆಚ್ಚಿ ಕುಳಿತುಕೊಳ್ಳುವಂತಿಲ್ಲ.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾನೂನು ಹೇಳುತ್ತದೆ. ಆ ಹಕ್ಕನ್ನು ನಾವು ಬಿಡಬೇಕಾಗಿಲ್ಲ. ಆದರೆ ನಡುರಾತ್ರಿ ಫೋನೆತ್ತುವ ವೈದ್ಯರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರಾಗಿದ್ದರೆ, ಹಕ್ಕಿಗಿಂತ ಹತ್ತು ಮಾತು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಮಲೆಯಾಳದಲ್ಲಿ ದನ ‘ಪಶು’, ಬೆಕ್ಕು ‘ಪೂಚ್ಚ’, ನಾಯಿ ‘ಪಟ್ಟಿ’. ನಮ್ಮ ಮರಗೆಣಸು ಅವರ ‘ಕಪ್ಪ’. ಅದನ್ನು ಕೇಳಿ ಕಪ್ಪೆಯೆಂದು ತಿಳಿಯಬಾರದು. ಹೊಟ್ಟೆ ಉಬ್ಬಿದೆ ಎನ್ನಲು ‘ವಯರ್ ವೀರ್ತ್ತು’, ಉಸಿರು ಕಟ್ಟುತ್ತಿದೆ ಎನ್ನಲು ‘ಶ್ವಾಸಂ ಮುಟ್ಟುನ್ನು’, ಹಾವು ಕಚ್ಚಿತು ಎನ್ನಲು ‘ಪಾಂಬು ಕಡಿಚ್ಚು’. ತುಳು ಕನ್ನಡಗಳಷ್ಟೇ ಬಲ್ಲ ಅಜ್ಜಿಯೊಬ್ಬರೇ ಮನೆಯಲ್ಲಿದ್ದಾಗಲೂ ಓದಿ ಹೇಳಲು ಆಗುವಂತೆ ಇಂಥ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಫೋನಿನ ಬಳಿ ಅಂಟಿಸಿದರೆ ಕನ್ನಡಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಒಂದು ಜೀವ ಉಳಿದೀತು.

ಮನೆಯಲ್ಲಿ ಮಾಡಬೇಕಾದ ಸಿದ್ಧತೆ ದೊಡ್ಡದೇನಲ್ಲ. ಒಂದು ನೋಟುಪುಸ್ತಕ ಸಾಕು. ಅದರಲ್ಲಿ ಪ್ರತಿ ಪ್ರಾಣಿಗೂ ಒಂದು ಪುಟ: ವಯಸ್ಸು, ಕಿವಿಯ ಬಿಲ್ಲೆಯ 12 ಅಂಕೆಗಳ ಸಂಖ್ಯೆ, ಗರ್ಭ ಕಟ್ಟಿಸಿದ ದಿನ, ಲಸಿಕೆಯ ದಿನ, ಹಿಂದೆ ಕೊಟ್ಟ ಮದ್ದು. ಮೊದಲ ಪುಟದಲ್ಲಿ ಫೋನ್ ನಂಬರುಗಳು: ಮೃಗಾಸ್ಪತ್ರೆ, 1962, ರಾತ್ರಿಯ ವೈದ್ಯರು, ಒಬ್ಬ ಖಾಸಗಿ ವೈದ್ಯರು, ಪಿಕಪ್ಪು ಇರುವ ನೆರೆಯವರು. ವರ್ಷಕ್ಕೆರಡು ಬಾರಿ ಆ ನಂಬರುಗಳು ಸರಿಯಾಗಿವೆಯೇ ಎಂದು ನೋಡಬೇಕು. ಹಳೆಯ ಡಬ್ಬವೊಂದರಲ್ಲಿ ಶುಭ್ರವಾದ ಬಟ್ಟೆ, ಗಾಯದ ಪಟ್ಟಿ, ಅಯೊಡಿನ್ ಮದ್ದು, ಸಾಬೂನು, ಕೈಚೀಲ, ಥರ್ಮಾಮೀಟರು, ಟಾರ್ಚು, ಒಂದು ಗಟ್ಟಿ ಹಗ್ಗ. ದನದ ಸಹಜ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಎಂದು ತಿಳಿದಿದ್ದರೆ ಜ್ವರವಿದೆಯೇ ಎಂಬುದನ್ನು ಫೋನಿನಲ್ಲೇ ಹೇಳಬಹುದು. ಬೆಕ್ಕಿಗೆ ಮುಚ್ಚಳವಿರುವ ಬುಟ್ಟಿ, ನಾಯಿಯನ್ನು ಎತ್ತಲು ಹಳೆಯ ಹೊದಿಕೆ ಇರಲಿ. ನೋವಿನಲ್ಲಿರುವ ನಾಯಿ ಸಾಕಿದವನನ್ನೂ ಕಚ್ಚುತ್ತದೆ. ಅದು ನಾಯಿಯ ತಪ್ಪಲ್ಲ. ಮಳೆಗಾಲದಲ್ಲಿ ಸಂಕ ದಾಟಿ ವಾಹನ ಬಾರದ ಮನೆಗಳವರು ದನವನ್ನು ರಸ್ತೆಯ ತನಕ ತರುವ ದಾರಿಯನ್ನು ಮೊದಲೇ ಯೋಚಿಸಿಟ್ಟಿರಬೇಕು.

ಇದಕ್ಕೆಲ್ಲ ಆಕ್ಷೇಪಗಳಿವೆ. ‘ಅಜ್ಜನ ಕಾಲದಲ್ಲಿ ಇದೆಲ್ಲ ಇತ್ತೇ? ನಮ್ಮ ಗಿಡ್ಡ ದನಗಳು ಬದುಕಲಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಬದುಕಿದುದು ಹೌದು. ಬದಿಯಡ್ಕ ಪಂಚಾಯತಿನ ಬೇಳದಲ್ಲಿ ಸಾಕಣೆ ಕೇಂದ್ರವಿಟ್ಟು ಸರಕಾರ ಉಳಿಸುತ್ತಿರುವ ಕಾಸರಗೋಡು ಗಿಡ್ಡ ತಳಿ ಗಟ್ಟಿಯಾದುದು. ಗುಡ್ಡದಲ್ಲಿ ಮೇದು ಬೆಳೆದುದು. ಇಂದು ಗುಡ್ಡಗಳು ರಬ್ಬರ್ ತೋಟಗಳಾಗಿವೆ. ಹಟ್ಟಿಯಲ್ಲಿ ಹೆಚ್ಚು ಹಾಲು ಕೊಡುವ ಮಿಶ್ರತಳಿಗಳಿವೆ. ಹಾಲು ಹೆಚ್ಚಿದಲ್ಲಿ ಹಾಲುಜ್ವರವೂ ಹೆಚ್ಚು. ದನ ಬದಲಾದರೆ ಸಾಕುವ ಕ್ರಮವೂ ಬದಲಾಗಬೇಡವೇ? ಇನ್ನು ಕೆಲವರು ‘ವೈದ್ಯರೇ ಇಲ್ಲದ ಮೇಲೆ ನಂಬರು ಬರೆದು ಏನು ಫಲ?’ ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಹುದ್ದೆಗಳು ಖಾಲಿ ಬೀಳುವುದು, ಒಬ್ಬ ವೈದ್ಯರಿಗೆ ಎರಡು ಪಂಚಾಯತು ಸಿಗುವುದು ನಾವು ಕಂಡ ಸಂಗತಿ. ಆದರೆ ಯಾವ ರಾತ್ರಿ, ಯಾರಿಗೆ, ಎಷ್ಟು ಸಲ ಕರೆ ಮಾಡಿದರೂ ಸಿಗಲಿಲ್ಲ ಎಂಬುದನ್ನು ಆ ನೋಟುಪುಸ್ತಕದಲ್ಲಿ ಬರೆದಿಟ್ಟರೆ ಗ್ರಾಮಸಭೆಯಲ್ಲಿ ಕೇಳಲು ಆಧಾರವಾಗುತ್ತದೆ. ಬರೆದಿಡದ ದೂರು ಹಟ್ಟಿಯ ಬಾಗಿಲಲ್ಲೇ ಮುಗಿದುಹೋಗುತ್ತದೆ. ಮೂರನೆಯವರು ‘ನಾಯಿಗೆ ಇಷ್ಟು ಖರ್ಚೇ?’ ಎನ್ನುತ್ತಾರೆ. ಅವರಿಗೆ ಹೇಳುವುದಿಷ್ಟೆ: ಲಸಿಕೆಗೆ ಕೊಡುವ ಹಣ ನಾಯಿಗಾಗಿ ಮಾತ್ರವಲ್ಲ, ಅಂಗಳದಲ್ಲಿ ಆಡುವ ಮಗುವಿಗಾಗಿಯೂ ಹೌದು.

ಪಂಚಾಯತು ಮತ್ತು ಶಾಲೆಗಳಲ್ಲಿಯೂ ಒಂದೆರಡು ವಿಜ್ಞಾಪನೆಗಳಿವೆ. ಮೃಗಾಸ್ಪತ್ರೆಯ ಗೋಡೆಯ ಮೇಲೆ, ಹಾಲಿನ ಸೊಸೈಟಿಯಲ್ಲಿ, ಬಸ್ ತಂಗುದಾಣದಲ್ಲಿ ರಾತ್ರಿಯ ಚಿಕಿತ್ಸೆಯ ನಂಬರನ್ನು ಮಲೆಯಾಳದೊಂದಿಗೆ ಕನ್ನಡದಲ್ಲಿಯೂ ಬರೆಸಬೇಕು. ಕುಟುಂಬಶ್ರೀ ಸಭೆಗಳಲ್ಲಿ ವರ್ಷಕ್ಕೊಮ್ಮೆ ಪಶುವೈದ್ಯರಿಂದ ಮಾತನಾಡಿಸಬೇಕು. ನಮ್ಮ ವಿಜ್ಞಾನ ಸಂಘದ ವಿದ್ಯಾರ್ಥಿಗಳು ತಮ್ಮ ತಮ್ಮ ವಾರ್ಡಿನ ಮನೆಗಳಿಗೆ ಇಂಥದೊಂದು ಹಾಳೆಯನ್ನು ಬರೆದು ಹಂಚಬಹುದು. ಇದಕ್ಕೆ ಹಣ ಬೇಡ. ಒಂದು ಆದಿತ್ಯವಾರ ಸಾಕು.

ವಿದ್ಯಾರ್ಥಿ ಮಿತ್ರರೇ, ಅನೇಕ ಮನೆಗಳಲ್ಲಿ ಫೋನನ್ನು ಚೆನ್ನಾಗಿ ಬಳಸಬಲ್ಲವರು, ಮಲೆಯಾಳದ ಎರಡಕ್ಷರ ಓದಬಲ್ಲವರು ನೀವೇ. ಪೇಟೆಗೆ ದುಡಿಯಲು ಹೋದ ತಂದೆ, ಮಂಡಿನೋವಿನ ಅಜ್ಜ, ಅಡಿಗೆ ಹಟ್ಟಿಗಳ ನಡುವೆ ಓಡಾಡುವ ತಾಯಿ, ಇವರ ನಡುವೆ ಈ ಕೆಲಸಕ್ಕೆ ತಕ್ಕವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಪೋಷಕರೇ, ಮಕ್ಕಳು ನೋಟುಪುಸ್ತಕ ಹಿಡಿದು ಹಟ್ಟಿಗೆ ಬಂದರೆ ‘ಹೋಗಿ ಓದು’ ಎಂದು ಅಟ್ಟಬೇಡಿ, ಅದೂ ಓದೇ. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬಂತೆ ಆಪತ್ತು ಬಂದ ಮೇಲೆ ಕಲಿಯಲು ಹೊರಟರೆ ಪ್ರಯೋಜನವಿಲ್ಲ. ಈ ಸಂಚಿಕೆಯನ್ನು ಓದಿ ಮುಗಿಸಿದ ದಿನವೇ 1962 ಎಂಬ ನಾಲ್ಕು ಅಂಕೆಗಳನ್ನು ನಿಮ್ಮ ಹಟ್ಟಿಯ ಕಂಬದಲ್ಲಿ ಬರೆಯಿರಿ. ಮರುದಿನ ಮೃಗಾಸ್ಪತ್ರೆಗೆ ಹೋಗಿ ರಾತ್ರಿಯ ನಂಬರನ್ನು ಕೇಳಿ ಅದರ ಕೆಳಗೆ ಬರೆಯಿರಿ.